ಅಜ್ಜನ ನಾಣ್ಯಗಳ ಫೋಟೋ, ಇನ್ಶೂರೆನ್ಸ್: ಎಲ್ಲಿಂದ ಶುರು ಮಾಡಲಿ?

ತುಂಗೆಯ ದಡದವಳು:
ಅಜ್ಜ ಜೋಪಾನ ಮಾಡಿದ್ದ ನಾಣ್ಯಗಳ ಡಬ್ಬಿ ಈಗ ನನ್ನ ಕೈಗೆ ಬಂದಿದೆ. ವಿಕ್ಟೋರಿಯಾ, ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಗಳೇ ಜಾಸ್ತಿ. ಟಿಪ್ಪು ಕಾಲದ ಆನೆ ಕಾಸುಗಳಿವೆ, ಒಂದು ಚಿನ್ನದ ವರಾಹವೂ ಇದೆ. ಇನ್ಶೂರೆನ್ಸ್ ಮಾಡಿಸಬೇಕು, ಮುಂದೆ ಕೆಲವನ್ನು ಮಾರಲೂಬಹುದು. ಮೊಬೈಲಿನಲ್ಲಿ ತೆಗೆದರೆ ಬೆಳ್ಳಿ ಬರೀ ಬೆಳ್ಳಗೆ ಹೊಳೆಯುತ್ತದೆ, ಅಕ್ಷರ ಕಾಣುವುದಿಲ್ಲ. ಕಪ್ಪಾದವನ್ನು ತೊಳೆದು ತೆಗೆಯಲೇ?

ಹಳೇ ಕಾಸು:
ದಯವಿಟ್ಟು ತೊಳೆಯಬೇಡಿ! ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ತಿಕ್ಕಿದ ನಾಣ್ಯವನ್ನು ಸಂಗ್ರಾಹಕರು ಒಂದೇ ನೋಟಕ್ಕೆ ಗುರುತಿಸುತ್ತಾರೆ, ಬೆಲೆ ಬಿದ್ದುಹೋಗುತ್ತದೆ.

ಫ್ಲ್ಯಾಶ್ ಆಫ್ ಮಾಡಿ. ಬಿಸಿಲು ನೇರ ಬೀಳದ ಕಿಟಕಿ ಪಕ್ಕ ಬೂದು ಕಾಗದದ ಮೇಲಿಡಿ. ಬೆಳಕಿನ ಕಡೆ ಬಟರ್ ಪೇಪರ್ ಅಡ್ಡ ಹಿಡಿದರೆ ಹೊಳಪು ಇಳಿದು ಅಕ್ಷರ ಎದ್ದು ಬರುತ್ತದೆ. ಎರಡೂ ಬದಿ ತೆಗೆದ ಮೇಲೆ ಅಂಚನ್ನೂ ತೆಗೆಯಿರಿ. ಅಚ್ಚಿಗೆ ಹೊಯ್ದ ನಕಲಿಯಾದರೆ ಎಷ್ಟೋ ಸಲ ಅಲ್ಲೇ ಜೋಡಣೆಯ ಗೆರೆ ಕಾಣುತ್ತದೆ. ಆಮೇಲೆ ಅಕ್ಕಸಾಲಿಗರ ಥರದ ಸಣ್ಣ ತಕ್ಕಡಿ ಮೇಲಿಟ್ಟು, ಅಂಕಿ ಕಾಣುವ ಹಾಗೆ ಇನ್ನೊಂದು ಫೋಟೋ. ಬೆಳ್ಳಿ ರೂಪಾಯಿ 11.66 ಗ್ರಾಂ, ಸವೆದಿದ್ದರೆ ಕೊಂಚ ಕಡಿಮೆ. ವರಾಹ ಸುಮಾರು 3.4 ಗ್ರಾಂ.

ನಮ್ಮ ಕಡೆ ರೂಪಾಯಿಗಳನ್ನು ಸರಕ್ಕೆ ಪೋಣಿಸುತ್ತಿದ್ದರಲ್ವಾ, ಕೊಂಡಿ ಬೆಸೆದ ಗುರುತು ಉಳಿದಿರುತ್ತದೆ. ಅದನ್ನು ಮುಚ್ಚಿಡಬೇಡಿ, ಹತ್ತಿರದಿಂದ ತೆಗೆಯಿರಿ. ಕೊಳ್ಳುವವರಿಗೆ ನಂಬಿಕೆ ಬರುತ್ತದೆ. ಕಳುವಾದರೂ ಇದು ನಿಮ್ಮದೇ ನಾಣ್ಯ ಅಂತ ತೋರಿಸುವುದು ಅಂಥ ಗುರುತೇ. ಅಜ್ಜ ಬರೆದಿಟ್ಟ ಚೀಟಿ, ಹಳೇ ರಸೀದಿ ಇದ್ದರೆ ಅವುಗಳದ್ದೂ ಇರಲಿ. ಒಂದು ಪ್ರತಿ ಮನೆಯಿಂದ ಹೊರಗೆ ಬೇರೆಲ್ಲಾದರೂ ಇಡಿ.

ಪಾಲಿಸಿ ಓದುವವನು:
ಮನೆ ಇನ್ಶೂರೆನ್ಸ್ ಆದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನಾಣ್ಯಗಳು ತಾವಾಗಿಯೇ ಸೇರುವುದಿಲ್ಲ. ಪಾಲಿಸಿಯಲ್ಲಿ ಹೆಸರಿಟ್ಟು ಬರೆಸಬೇಕು. ಬೆಲೆಬಾಳುವ ವಸ್ತುಗಳಿಗೆ ಮೊದಲೇ ಒಪ್ಪಿದ ಬೆಲೆಯ ಮೇಲೆ ರಕ್ಷಣೆ ಕೊಡುತ್ತಾರೆ, ಅದಕ್ಕೆ ಮೌಲ್ಯಮಾಪನದ ಪತ್ರ ಕೇಳಬಹುದು. ಇನ್ನೊಂದು ಮುಖ್ಯ ಮಾತು: ಇದು ಮುಖ್ಯವಾಗಿ ಬೆಂಕಿ, ಪ್ರವಾಹದಂಥ ಅನಾಹುತಕ್ಕೆ. ಸುಮ್ನೆ ಮನೆಗೆ ಕನ್ನ ಹಾಕಿದರೆ ಸಿಗುವುದಿಲ್ಲ, ಕಳ್ಳತನದ ರಕ್ಷಣೆ ಬೇರೆ ತಗೋಬೇಕು.

ತುಂಗೆಯ ದಡದವಳು:
ಇಬ್ಬರಿಗೂ ಧನ್ಯವಾದ. ಅಮೆರಿಕದಲ್ಲಿರುವ ಅಣ್ಣ ಆನೆ ಕಾಸು ಕೇಳುತ್ತಿದ್ದಾನೆ, ಕಳಿಸಬಹುದಾ?

ಹಳೇ ಕಾಸು:
ಆಗುವುದಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ ದೇಶ ಬಿಟ್ಟು ಹೋಗುವಂತಿಲ್ಲ. ಅಣ್ಣನಿಗೆ ಫೋಟೋ ಕಳಿಸಿ, ಊರಿಗೆ ಬಂದಾಗ ಕೈಯಲ್ಲಿ ಹಿಡಿದು ನೋಡಲಿ.