ಕಾಲಿ-ಪೀಲಿ ಫಿಯಟ್‌ಗೆ ಹೊಳಪು ಬರುತ್ತಿಲ್ಲ, ಏನು ಮಾಡಲಿ?

ಡೊಂಬಿವಲಿ: ನಮ್ಮ ದೊಡ್ಡಪ್ಪ ಮುಂಬಯಿಯಲ್ಲಿ ಇಪ್ಪತ್ತು ವರ್ಷ ಕಾಲಿ-ಪೀಲಿ, ಅಂದರೆ ಕಪ್ಪು ಮೈ ಹಳದಿ ಚಾವಣಿಯ ಪದ್ಮಿನಿ ಟ್ಯಾಕ್ಸಿ (ಎಲ್ಲರ ಬಾಯಲ್ಲಿ ಫಿಯಟ್) ಓಡಿಸಿದವರು. 2023ರ ಅಕ್ಟೋಬರ್‌ನಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತಲ್ಲ, ಆಗಿನಿಂದ ಅವರಿಗೊಂದು ಮಾಡೆಲ್ ಮಾಡಿಕೊಡುವ ಆಸೆ. 1:24 ಅಳತೆಯ (ನಿಜವಾದ ಕಾರಿನ 24ರಲ್ಲಿ ಒಂದು ಪಾಲು) ಬಾಡಿ 3ಡಿ ಪ್ರಿಂಟ್ ಮಾಡಿಸಿದೆ. ಜುಲೈನಲ್ಲಿ ಬಾಲ್ಕನಿಯಲ್ಲಿ ನಿಂತು ಕ್ಯಾನ್‌ನಿಂದ ಕಪ್ಪು ಲ್ಯಾಕರ್ ಬಣ್ಣ ಹೊಡೆದೆ. ಐದೇ ನಿಮಿಷ, ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ ಮಬ್ಬು ಕೂತಿತು. ಬಾಗಿಲುಗಳ ಮೇಲೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ. ಕಪ್ಪಿನ ಮೇಲೆ ಹಳದಿ ಮೂರು ಕೋಟ್ ಹೊಡೆದರೂ ಚಾವಣಿ ಸಗಣಿ ಬಣ್ಣಕ್ಕೇ ನಿಂತಿದೆ. ಮಾಡಿ ನೋಡಿದವರು ಹೇಳಿ.

ಮಡಗಾಂವ್: ಮಾರಾಯ್ರೇ, ಆ ಮಬ್ಬು ನಮ್ಮ ಮನೆಗೂ ಹಳೆಯ ನೆಂಟ. ಲ್ಯಾಕರ್‌ನ ಥಿನ್ನರ್ (ಬಣ್ಣ ತೆಳು ಮಾಡುವ ದ್ರವ) ಬೇಗ ಆರುತ್ತದೆ. ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ. ಐಸ್ ಹಾಕಿದ ಲೋಟದ ಹೊರಗೆ ನೀರು ಕೂರುತ್ತದಲ್ಲ, ಹಾಗೆ ಗಾಳಿಯ ತೇವ ಬಂದು ಅದರ ಮೇಲೆ ಕೂರುತ್ತದೆ. ಬಾಡಿ ಬಿಸಾಡಬೇಡಿ. ಹವೆ ಒಣಗಿದ ದಿನ ಅದೇ ಬಣ್ಣ ತೆಳ್ಳಗೆ ಒಂದು ಕೈ ಹೊಡೆದರೆ ಕೆಳಗಿನದು ಸ್ವಲ್ಪ ಕರಗಿ ಕಪ್ಪು ವಾಪಸ್ ಬರುತ್ತದೆ. ಏರ್‌ಬ್ರಷ್ ಇದ್ದರೆ ಮಿಸ್ಟರ್ ಕಲರ್ ಬ್ರ್ಯಾಂಡಿನ ಲೆವೆಲಿಂಗ್ ಥಿನ್ನರ್ ಬಳಸಿ. ಅದರಲ್ಲಿ ರಿಟಾರ್ಡರ್ ಇರುವುದರಿಂದ ಬಣ್ಣ ನಿಧಾನವಾಗಿ ಆರುತ್ತದೆ, ತಾನೇ ಸಮವಾಗಿ ಹರಡಿಕೊಳ್ಳುತ್ತದೆ.

ನಾನಂತೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬಣ್ಣ ಮುಟ್ಟುವುದಿಲ್ಲ. ತಿಕ್ಕುವುದು, ಸೀಟು ಮಾಡುವುದು, ಅಷ್ಟೇ. ಮಳೆಗಾಲದಲ್ಲಿ ಯಾರಾದರೂ ಹಪ್ಪಳ ಒಣಗಿಸುತ್ತಾರಾ?

ಚಿಂಚ್‌ವಡ್, ಪುಣೆ: ನಾನು ದೊಡ್ಡ ಕಾರುಗಳ ಪೇಂಟ್ ಶಾಪ್‌ನಲ್ಲಿ ಕೆಲಸ ಮಾಡುವವನು. ಸಣ್ಣವು ಮನೆಯಲ್ಲಿ, ಭಾನುವಾರ. ಮಡಗಾಂವ್‌ನವರು ಹೇಳಿದ್ದರಿಂದ ಮಬ್ಬು ಹೋಗುತ್ತದೆ ನಿಜ. ಆದರೆ ನಿಮ್ಮ ತೊಂದರೆ ಅದಕ್ಕಿಂತ ಕೆಳಗಿದೆ. ಪ್ರಿಂಟ್ ಮಾಡಿದ ಬಾಡಿಗೆ ಪದರದ ಗೆರೆ ಇದ್ದೇ ಇರುತ್ತದೆ. ಹೊಳೆಯುವ ಕಪ್ಪಿನಷ್ಟು ಚಾಡಿಕೋರ ಬಣ್ಣ ಇನ್ನೊಂದಿಲ್ಲ. ಅಡಿಯಲ್ಲಿರುವ ಒಂದೊಂದು ಗೀರನ್ನೂ ಎತ್ತಿ ತೋರಿಸುತ್ತದೆ.

ಈಗ ಇರುವುದನ್ನು 600ರ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ತಿಕ್ಕಿ (ಉಜ್ಜುವ ಕಾಗದ, ನಂಬರ್ ಹೆಚ್ಚಿದಷ್ಟೂ ನಯ). ಸರ್ಫೇಸರ್ (ಗೀರು ತುಂಬುವ ಅಡಿ ಬಣ್ಣ) ಹೊಡೆಯಿರಿ, ಆರಲಿ, 1000ದಲ್ಲಿ ತಿಕ್ಕಿ. ಮೊಬೈಲ್ ಟಾರ್ಚ್ ಅಡ್ಡ ಹಿಡಿದು ನೋಡಿ, ಗೆರೆ ಕಂಡರೆ ಮತ್ತೆ ಅದೇ. ನಾನು ಬಾನೆಟ್ ಒಂದಕ್ಕೆ ನಾಲ್ಕು ಸಲ ಮಾಡಿದ್ದಿದೆ. ಬೇಜಾರಿನ ಕೆಲಸ, ಆದರೆ ಮಳೆಗಾಲ ಇರುವುದೇ ಇದಕ್ಕೆ ಅಂದುಕೊಳ್ಳಿ. ಕೊನೆಗೆ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಆಮೇಲೆ ಬರಿಗೈ ತಾಗಿಸಬೇಡಿ. ಬೆರಳಿನ ಎಣ್ಣೆ ಕೂತಲ್ಲಿ ಬಣ್ಣ ಹಿಡಿಯುವುದಿಲ್ಲ.

ಹಳದಿ ಮೊದಲು, ಕಪ್ಪು ಆಮೇಲೆ. ಹಳದಿಗೆ ಮುಚ್ಚುವ ಶಕ್ತಿ ಕಡಿಮೆ, ಅದಕ್ಕೆ ಬಿಳಿ ಪ್ರೈಮರ್ ಬೇಕು. ಚಾವಣಿ ಪೂರ್ತಿ ಒಣಗಿದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಅಂಚಿಗೆ ಇನ್ನೊಂದು ತೆಳು ಹಳದಿ ಕೊಡಿ. ಸಂದಿಗೆ ಇಳಿಯುವುದಿದ್ದರೆ ಹಳದಿಯೇ ಇಳಿಯಲಿ. ಅದರ ಮೇಲೆ ಕಪ್ಪು ಹೊಡೆದರೆ ಗೆರೆ ದಾರ ಹಿಡಿದ ಹಾಗೆ ಬರುತ್ತದೆ.

ಕಿತ್ತಳೆ ಸಿಪ್ಪೆ ಯಾಕೆ ಬರುತ್ತದೆ ಅಂದರೆ ಹನಿಗಳು ಒಂದಕ್ಕೊಂದು ಸೇರುವ ಮೊದಲೇ ಗಟ್ಟಿಯಾಗುತ್ತವೆ. ಕೈ ದೂರ ಇದ್ದರೆ, ಬಣ್ಣ ದಪ್ಪ ಇದ್ದರೆ ಹೀಗಾಗುತ್ತದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ನಿಮ್ಮ ಜುಲೈಗೆ ಪೂರ್ತಿ ಉಲ್ಟಾ. ಬಣ್ಣ ಗಾಳಿಯಲ್ಲೇ ಒಣಗಿ ರವೆಯ ಹಾಗೆ ಬೀಳುತ್ತದೆ. ಅದಕ್ಕೆ ನಾನು ಬೆಳಗ್ಗೆ ಎಂಟರೊಳಗೆ ಮುಗಿಸುತ್ತೇನೆ. ಕ್ಯಾನ್ ಅನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಡಿ, ಹನಿ ಸಣ್ಣದಾಗುತ್ತದೆ. ನೀರು ಮಾತ್ರ. ಒಲೆಯ ಹತ್ತಿರ ಕೂಡ ಒಯ್ಯಬೇಡಿ. ಒಂದು ಗೇಣು ದೂರದಿಂದ, ಬಾಡಿಯ ಆಚೆಯೇ ಶುರು ಮಾಡಿ ಆಚೆಯೇ ನಿಲ್ಲಿಸಿ. ಎರಡು ಮಂಜಿನಂಥ ಕೋಟ್, ಕೊನೆಗೊಂದು ಒದ್ದೆ ಕೋಟ್. ಮೊದಲು ಪ್ಲಾಸ್ಟಿಕ್ ಚಮಚದ ಬೆನ್ನಿನ ಮೇಲೆ ಹೊಡೆದು ನೋಡಿ.

ಜಾಸ್ತಿ ಹೊಡೆದರೆ ಜಾಸ್ತಿ ಹೊಳೆಯುತ್ತದೆ ಅನ್ನುವುದು ಸುಳ್ಳು ರೀ. ನಿಜವಾದ ಕಾರಿನ ಬಣ್ಣ ಸುಮಾರು 100 ಮೈಕ್ರಾನ್ ದಪ್ಪ. ನೀವೂ ಅಷ್ಟೇ ಹೊಡೆದರೆ 1:24ರ ಲೆಕ್ಕದಲ್ಲಿ ಅದು 2.4 ಮಿಲಿಮೀಟರ್ ಆಯಿತು. ಬಾಗಿಲಿನ ಸಂದಿ ಎಲ್ಲಾ ಹೂತು ಹೋಗಿ ಸೋಪಿನ ಬಿಲ್ಲೆಯ ಹಾಗೆ ಕಾಣುತ್ತದೆ.

ಮುಲುಂಡ್: ಒಂದು ನನ್ನ ಪೆದ್ದುತನ ಹೇಳುತ್ತೇನೆ. ಎನಾಮೆಲ್ (ನಿಧಾನಕ್ಕೆ ಒಣಗುವ ಎಣ್ಣೆ ಬಣ್ಣ) ಒಣಗಿದೆ ಅಂದುಕೊಂಡು ಮೂರನೇ ದಿನ ಅದರ ಮೇಲೆ ಲ್ಯಾಕರ್ ಹೊಡೆದೆ. ಚಾವಣಿ ಕೆನೆಗಟ್ಟಿದ ಹಾಲಿನ ಹಾಗೆ ಸುಕ್ಕಾಯಿತು. ಲ್ಯಾಕರ್ ಮೇಲೆ ಎನಾಮೆಲ್ ನಡೆಯುತ್ತದೆ, ಎನಾಮೆಲ್ ಮೇಲೆ ಲ್ಯಾಕರ್ ಬೇಡವೇ ಬೇಡ. ಒಣಗಿದೆಯೋ ಇಲ್ಲವೋ ಅಂತ ಮೂಗಿಗೆ ಕೇಳಿ. ವಾಸನೆ ಇದ್ದರೆ ಇನ್ನೂ ಒಣಗಿಲ್ಲ. ಇನ್ನೊಂದು, ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್‌ನಲ್ಲಿ ಕಿಟ್‌ನ ಪ್ಲಾಸ್ಟಿಕ್ ಒರೆಸಬೇಡಿ, ಕರಗುತ್ತದೆ. ಅದೂ ಅನುಭವವೇ.

ಡೊಂಬಿವಲಿ: ಕಾರಿಗೆ ಹಾಕುವ 2ಕೆ ಕ್ಲಿಯರ್ ಕೋಟ್ (ಗಟ್ಟಿಕಾರಕ ಬೆರೆಸಿ ಹೊಡೆಯುವ ಬಣ್ಣವಿಲ್ಲದ ಮೇಲ್ಪದರ) ಹೊಡೆದರೆ ಗಾಜಿನ ಹಾಗೆ ಆಗುತ್ತದಂತೆ, ಹೌದಾ?

ಚಿಂಚ್‌ವಡ್: ಆಗುತ್ತದೆ. ಆದರೆ ಫ್ಲಾಟ್‌ನಲ್ಲಿ ಬೇಡ ತಮ್ಮಾ. ಅದರ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ. ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ. ನಾವು ಬೂತ್‌ನಲ್ಲಿ ಗಾಳಿ ಪೈಪ್ ಹಾಕಿಕೊಂಡು ಹೊಡೆಯುತ್ತೇವೆ. ನಿಮಗೆ ಟಮಿಯಾ ಕಂಪನಿಯ ಟಿಎಸ್-13 ಕ್ಲಿಯರ್ ಸ್ಪ್ರೇ ಸಾಕು. ನಂಬರ್ ಸ್ಟಿಕ್ಕರ್ ಅಂಟಿಸಿದ್ದರೆ ಮೊದಲು ತೀರಾ ತೆಳ್ಳಗೆ, ಇಲ್ಲದಿದ್ದರೆ ಅದು ಸುಕ್ಕಾಗುತ್ತದೆ. ಒಂದು ವಾರ ಬಿಟ್ಟು 3000ದ ಪೇಪರ್, ಆಮೇಲೆ ಪಾಲಿಶ್ ಮಾಡುವ ಕಾಂಪೌಂಡ್ ಪೇಸ್ಟ್, ಹಳೆ ಬನಿಯನ್ ಬಟ್ಟೆ. ಬಾನೆಟ್‌ನ ಏಣು, ಚಾವಣಿಯ ಅಂಚು ಬಿಟ್ಟು ಉಜ್ಜಿ. ಅಲ್ಲಿ ಬಣ್ಣ ತೆಳು, ಎರಡೇ ಉಜ್ಜಿಗೆ ಬಿಳಿ ಹಲ್ಲು ತೋರಿಸುತ್ತದೆ.

ಮುಲುಂಡ್: ಕ್ಲಿಯರ್ ಇಲ್ಲದೆ ಕಪ್ಪನ್ನೇ ಉಜ್ಜಿದರೂ ಚೆನ್ನಾಗಿರುತ್ತದೆ. ಟ್ಯಾಕ್ಸಿ ಅಲ್ವಾ, ಶೋರೂಮ್ ಕಾರೇನಲ್ಲ.

ಡೊಂಬಿವಲಿ: ದೊಡ್ಡಪ್ಪನಿಗೆ ಹೇಳದೆ ಮಾಡಬೇಕು ಅಂತಿದ್ದೆ, ತಡೆಯಲಾಗದೆ ಕೇಳಿಯೇ ಬಿಟ್ಟೆ. "ದಸರಾಕ್ಕೆ ಒಂದು ದಿನ ಹೊಳೆಯುತ್ತಿತ್ತು, ಮಿಕ್ಕ ದಿನ ಮಸಿ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ದಸರಾದ್ದೇ ಮಾಡು" ಅಂದರು. ಹಾಗಾಗಿ 600ರಿಂದ ಶುರು ಮಾಡಿದ್ದೇನೆ. ಬಣ್ಣ ಅಕ್ಟೋಬರ್‌ಗೆ. ಈ ಅಳತೆಗೆ ಚೆಂಡು ಹೂವಿನ ಮಾಲೆ ಯಾರಾದರೂ ಮಾಡಿದ್ದೀರಾ?