ಥಾಯ್ಲೆಂಡಿನ್ಯಾಗ ಕಾರ್ಡ್ ಹಾಕಿ ರೊಕ್ಕ ತಗಿಯೋದು: ಕಡಿಮಿ ಖರ್ಚಿನ್ಯಾಗ ಹೆಂಗ?

ಪ್ರಶ್ನೆ, ಗದಗ

ಅಪ್ಪ, ಅವ್ವ, ನಾವಿಬ್ಬರು, ಒಟ್ಟು ನಾಕು ಮಂದಿ ಬೆಂಗಳೂರಿನಿಂದ ಬ್ಯಾಂಕಾಕ್, ಪಟ್ಟಾಯ, ಅಲ್ಲಿಂದ ಸಿಂಗಾಪುರ ಹೊಂಟೀವಿ. ವಿಮಾನ, ಹೋಟೆಲ್ ರೊಕ್ಕ ಇಲ್ಲೇ ಕಟ್ಟೇವಿ. ಊಟ, ಟ್ಯಾಕ್ಸಿ, ಸಂತಿ ಅಂತ ಥಾಯ್ಲೆಂಡಿನ್ಯಾಗ ಸುಮಾರು 30,000 ಬಾತ್ ಕೈಯಾಗ ಬೇಕಾಗತೈತಿ. ನಮ್ಮ ಕಡೆ ಇರೋದು ಒಂದು ವೀಸಾ ಡೆಬಿಟ್ ಕಾರ್ಡ್, ಒಂದು ಕ್ರೆಡಿಟ್ ಕಾರ್ಡ್, ಅಪ್ಪಂದು ಗ್ರಾಮೀಣ ಬ್ಯಾಂಕಿನ ರುಪೇ ಕಾರ್ಡ್. ಅಲ್ಲೇ ಎಟಿಎಂನ್ಯಾಗ ತಗದ್ರ ಸಾಕೋ, ವಿದೇಶಿ ರೊಕ್ಕ ಮೊದಲೇ ತುಂಬಿಸಿಕೊಂಡು ಹೋಗೋ ಫಾರೆಕ್ಸ್ ಕಾರ್ಡ್ ಮಾಡಿಸಬೇಕೋ, ಡಾಲರ್ ಒಯ್ಯಬೇಕೋ? ಗೊತ್ತಿದ್ದವರು ಲೆಕ್ಕ ಸಮೇತ ಹೇಳ್ರಿ.

ಹುಬ್ಬಳ್ಳಿ, ವಿದ್ಯಾನಗರ

ಲೆಕ್ಕಾನ ಕೇಳೀರಿ, ಲೆಕ್ಕಾನ ನೋಡೋಣು. ಎಣಿಸಾಕ ಸುಲಭ ಆಗಲಿ ಅಂತ 1 ಬಾತ್‌ಗೆ 2.50 ರೂಪಾಯಿ ಹಿಡೀರಿ, ಹೊಂಡೋ ದಿನದ ದರ ಬ್ಯಾರೆ ಇರತೈತಿ.

ಮಾಮೂಲಿ ಡೆಬಿಟ್ ಕಾರ್ಡಿಗೆ ನಾಕು ಕಡೆ ಕತ್ತರಿ ಬೀಳತೈತಿ. ಥಾಯ್ ಎಟಿಎಂನವರು ಹೊರದೇಶದ ಕಾರ್ಡಿಗೆ ಒಂದ್ಸಲಕ್ಕ 220 ಬಾತ್ ಹಿಡೀತಾರ, ಕೆಲವು ಮಷೀನಿನ್ಯಾಗ 250. ನಮ್ಮ ಬ್ಯಾಂಕ್ ವಿದೇಶಿ ರೊಕ್ಕದ ವ್ಯವಹಾರಕ್ಕ ಮಾರ್ಕಪ್ ಅಂತ ಹೆಚ್ಚಿಗೆ ಹಾಕತೈತಿ, ಭಾಳಷ್ಟು ಬ್ಯಾಂಕಿನ್ಯಾಗ ಅದು 3.5%. ಅದರ ಮ್ಯಾಲ ಪ್ರತಿ ಸಲಕ್ಕ 125ರಿಂದ 150 ರೂಪಾಯಿ ತಗಿಯೋ ಶುಲ್ಕ. ಈ ಎರಡರ ಮ್ಯಾಲೂ 18% ಜಿಎಸ್‌ಟಿ.

5,000 ಬಾತ್ ತಗದ್ರಿ ಅನ್ರಿ. 220 ಸೇರಿ 5,220 ಬಾತ್, ಅಂದ್ರ 13,050 ರೂಪಾಯಿ. ಮಾರ್ಕಪ್ 457, ಶುಲ್ಕ 150, ಜಿಎಸ್‌ಟಿ 109. ಖಾತೆಯಿಂದ ಹೋಗೋದು 13,766. ಕೈಗೆ ಬಂದಿದ್ದು 12,500 ರೂಪಾಯಿ ಬೆಲೆಯ ಬಾತ್. ಖರ್ಚು 1,266, ಅಂದ್ರ ನೂರಕ್ಕ ಹತ್ತು! ಆ 220 ಬಾತಿನ ಮ್ಯಾಲೂ ಮಾರ್ಕಪ್ ಬೀಳತೈತಿ ಅನ್ನೋದು ಭಾಳ ಮಂದಿ ಲಕ್ಷ್ಯಕ್ಕ ಬರೂದಿಲ್ಲ.

ಅದನ್ನ 15,000 ಬಾತ್ ಒಮ್ಮೆಲೇ ತಗದ್ರ ಖರ್ಚು ಸುಮಾರು 2,300, ಅಂದ್ರ 6% ಚಿಲ್ಲರ. ಅದೇ 15,000ನ ಮೂರು ಸಲ ಐದೈದು ಸಾವಿರದಂಗ ತಗದ್ರ 3,800. ಒಂದೂವರೆ ಸಾವಿರ ರೂಪಾಯಿ ಸುಮ್ನ ಹೋತು. ಅದಕ್ಕ ಕಡಿಮಿ ಸಲ, ದೊಡ್ಡ ಮೊತ್ತ. ಒಮ್ಮೆಗೆ ಎಷ್ಟು ಬರತೈತಿ ಅನ್ನೋದು ಎರಡು ಮಿತಿ ಮ್ಯಾಲ ಐತಿ: ಆ ಮಷೀನಿನ ಮಿತಿ ಒಂದು, ನಿಮ್ಮ ಕಾರ್ಡಿನ ವಿದೇಶಿ ಎಟಿಎಂ ದಿನದ ಮಿತಿ ಇನ್ನೊಂದು. ಎರಡನೇದನ್ನ ಇಲ್ಲೇ ಆ್ಯಪ್‌ನ್ಯಾಗ ಏರಿಸಿಕೊಂಡು ಹೋಗ್ರಿ.

ಧಾರವಾಡ

ಮೇಲಿನ ಲೆಕ್ಕ ಸರಿ, ಆದರೆ ಅದರಲ್ಲಿ ಇನ್ನೊಂದು ಅಪಾಯ ಬಿಟ್ಟುಹೋಗಿದೆ. ಮಷೀನಿನ ಪರದೆಯ ಮೇಲೆ ಬರುವ ಕೊನೆಯ ಪ್ರಶ್ನೆ ಅದು.

ಕಾರ್ಡ್ ಹಾಕಿ, ಭಾಷೆ ಇಂಗ್ಲಿಷ್ ಆರಿಸಿ, 4 ಅಂಕಿಯ ಪಿನ್ ಒತ್ತಿ, ಹಸಿರು ಗುಂಡಿ ಒತ್ತಿ. ವಿತ್‌ಡ್ರಾವಲ್, ನಂತರ ಸೇವಿಂಗ್ಸ್ ಖಾತೆ, ನಂತರ ಮೊತ್ತ. ಮೊದಲು 220 ಬಾತ್ ಶುಲ್ಕಕ್ಕೆ ಒಪ್ಪಿಗೆ ಕೇಳುತ್ತದೆ. ಇದಕ್ಕೆ ಒಪ್ಪಲೇಬೇಕು, ಇಲ್ಲದಿದ್ದರೆ ಹಣವಿಲ್ಲ. ಆಮೇಲೆ ಬರುವ ಪರದೆಯಲ್ಲಿ ನಿಮ್ಮ ಹಣ ರೂಪಾಯಿಯಲ್ಲಿ ಎಷ್ಟಾಗುತ್ತದೆ ಎಂದು ದರ ಸಮೇತ ತೋರಿಸಿ, ಕೆಳಗೆ ಎರಡು ಆಯ್ಕೆ ಕೊಡುತ್ತದೆ: ಅಕ್ಸೆಪ್ಟ್ ಕನ್ವರ್ಷನ್, ಡಿಕ್ಲೈನ್ ಕನ್ವರ್ಷನ್. ರೂಪಾಯಿ ಕಂಡ ಕೂಡಲೇ ನಮ್ಮವರ ಬೆರಳು ಅಕ್ಸೆಪ್ಟ್ ಕಡೆ ಹೋಗುತ್ತದೆ. ಒತ್ತಬೇಕಾದ್ದು ಡಿಕ್ಲೈನ್. ಡಿಕ್ಲೈನ್ ಎಂದರೆ ವ್ಯವಹಾರವೇ ರದ್ದಾಗುತ್ತದೆ ಎಂದು ಹೆದರುವುದು ಬೇಡ. ದರ ಪರಿವರ್ತನೆ ನೀನು ಮಾಡಬೇಡ, ನನ್ನ ಕಾರ್ಡಿನ ಜಾಲವೇ ಮಾಡಲಿ ಎಂದಷ್ಟೇ ಅರ್ಥ. ನೋಟು ಬಂದೇ ಬರುತ್ತದೆ. ಕೆಲವು ಮಷೀನುಗಳಲ್ಲಿ ಇದೇ ಪ್ರಶ್ನೆ ವಿತ್ ಕನ್ವರ್ಷನ್, ವಿತೌಟ್ ಕನ್ವರ್ಷನ್ ಎಂದಿರುತ್ತದೆ.

ಕಾರಣ ಇಷ್ಟೇ. ಡಿಕ್ಲೈನ್ ಮಾಡಿದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ಆ ದಿನದ ದರ ಅನ್ವಯವಾಗುತ್ತದೆ, ಅದು ಮಾರುಕಟ್ಟೆ ದರಕ್ಕೆ ಹತ್ತಿರ. ಅಕ್ಸೆಪ್ಟ್ ಮಾಡಿದರೆ ಮಷೀನಿನವರೇ ತಮ್ಮ ಲಾಭ ಸೇರಿಸಿ ಹೇಳಿದ ದರ. ಬಿಲ್ ರೂಪಾಯಿಯಲ್ಲಿದ್ದರೂ ವ್ಯವಹಾರ ವಿದೇಶದ್ದೇ ಎಂದು ಕೆಲವು ಬ್ಯಾಂಕುಗಳು ಅದರ ಮೇಲೂ ಶುಲ್ಕ ಹಾಕುತ್ತವೆ. ಅಂಗಡಿಯ ಸ್ವೈಪ್ ಮಷೀನಿನಲ್ಲೂ ಇದೇ ಆಟ. ಅಲ್ಲಿ ಅಂಗಡಿಯವನೇ ನಿಮ್ಮನ್ನು ಕೇಳದೆ ರೂಪಾಯಿ ಒತ್ತಿಬಿಡಬಹುದು, ಆದ್ದರಿಂದ ಚೀಟಿಯಲ್ಲಿ ಬಾತ್ ಎಂದಿದೆಯೇ ನೋಡಿ, ಇಲ್ಲದಿದ್ದರೆ ಅಲ್ಲೇ ರದ್ದು ಮಾಡಿಸಿ.

ಇನ್ನೊಂದು ಸಣ್ಣ ಉಪಾಯ. 15,000 ಎಂದು ಒತ್ತಿದರೆ ಎಲ್ಲ ಸಾವಿರದ ನೋಟೇ ಬರಬಹುದು. 14,900 ಒತ್ತಿ, ಮಷೀನಿನಲ್ಲಿ ನೂರರ ನೋಟಿದ್ದರೆ ಚಿಲ್ಲರೆಯೂ ಸಿಗುತ್ತದೆ, ರಸ್ತೆ ಬದಿಯ ಅಂಗಡಿಯಲ್ಲಿ ಸಾವಿರದ ನೋಟು ಹಿಡಿದು ನಿಲ್ಲುವ ಪಾಡು ತಪ್ಪುತ್ತದೆ.

ಬ್ಯಾಡಗಿ

ಇಬ್ಬರೂ ಎಟಿಎಂ ಎಟಿಎಂ ಅನ್ನಾಕತ್ತೀರಿ. ಥಾಯ್ಲೆಂಡಿಗೆ ಮಾತ್ರ ಡಾಲರ್ ಸೋವಿ ಬೀಳತೈತಿ ನೋಡ್ರಿ. ಬ್ಯಾಂಕಾಕಿನ್ಯಾಗ ಸೂಪರ್‌ರಿಚ್‌ನಂಥ ರೊಕ್ಕ ಬದಲಿ ಮಾಡೋ ಅಂಗಡಿಗೋಳು ಡಾಲರಿಗೆ ಮಾರುಕಟ್ಟೆ ದರಕ್ಕ ಅಂಟಿಕೊಂಡಂಗ ಕೊಡತಾವು. ಸುವರ್ಣಭೂಮಿ ವಿಮಾನ ನಿಲ್ದಾಣದಾಗೂ ಮ್ಯಾಲಿನ ಮಹಡಿಯ ಬ್ಯಾಂಕ್ ಕೌಂಟರಿನ್ಯಾಗ ಬದಲಿ ಮಾಡಬ್ಯಾಡ್ರಿ. ಕೆಳಗ ಊರೊಳಗ ಹೋಗೋ ರೈಲು (ರೈಲ್ ಲಿಂಕ್) ಹತ್ತೋ ಬಿ ಮಹಡಿಗೆ ಇಳೀರಿ, ಅಲ್ಲಿ ಸಾಲಾಗಿ ಅಂಗಡಿ ಅದಾವು, ಬೋರ್ಡ್ ನೋಡಿ ದರ ಹೋಲಿಸ್ರಿ. ಪಾಸ್‌ಪೋರ್ಟ್ ಕೇಳತಾರ, ಜೇಬಿನ್ಯಾಗ ಇರಲಿ.

ನೋಟಿನ ಮ್ಯಾಲ ಲಕ್ಷ್ಯ ಇಡ್ರಿ. ನೂರರ ಡಾಲರ್ ನೋಟಿಗೆ ಒಂದು ದರ, 20, 10ರ ನೋಟಿಗೆ ಕಡಿಮಿ ದರ. ಪೆನ್ನಿನ ಗುರುತು, ಸಿಕ್ಕಾ, ಹರಿದ ಅಂಚು ಇದ್ರ ವಾಪಸ್ ಕೊಡತಾರ. ಹಂಗಾಗಿ ಇಲ್ಲಿ ತಗೋವಾಗ ಒಂದೊಂದೇ ನೋಟು ತಿರುವಿ ನೋಡಿ ತಗೋರಿ, ಮಡಚಬ್ಯಾಡ್ರಿ. ನಮ್ಮ ರೂಪಾಯಿ ಒಯ್ದು ಅಲ್ಲಿ ಬದಲಿ ಮಾಡತೀನಿ ಅಂದ್ರ ಮಾತ್ರ ದರ ಕೆಟ್ಟ.

ಇಲ್ಲಿ ಡಾಲರ್ ತಗೋವಾಗ ಪಾಸ್‌ಪೋರ್ಟ್, ಟಿಕೆಟ್, ಪ್ಯಾನ್ ಬೇಕು, ವಿದೇಶಿ ರೊಕ್ಕ ಕೊಳ್ಳೋ ಅರ್ಜಿ ಎ2 ಫಾರ್ಮ್ ತುಂಬಬೇಕು. ನಗದು ರೂಪಾಯಿ ಕೊಟ್ಟು ತಗೋಳೋದು 50,000 ಒಳಗ ಇದ್ರ ಮಾತ್ರ, ಹೆಚ್ಚಿಗೆ ಆದ್ರ ಖಾತೆಯಿಂದ. ನೋಟಿನ ರೂಪದಾಗ ಒಬ್ಬರು ಒಂದು ಪ್ರವಾಸಕ್ಕ 3,000 ಡಾಲರ್ ಒಯ್ಯಬಹುದು. ಜಿಎಸ್‌ಟಿ ಸಣ್ಣದು: ಒಂದು ಲಕ್ಷದ ತನಕಾ ಮೊತ್ತದ 1%ರ ಮ್ಯಾಲ 18%, ಅಂದ್ರ ಕನಿಷ್ಠ 45 ರೂಪಾಯಿ, ಹೆಚ್ಚಂದ್ರ 180. ಖರೆ ಪೆಟ್ಟು ಅವರು ಹಚ್ಚೋ ದರದಾಗ ಇರತೈತಿ. ಗೂಗಲ್‌ನ್ಯಾಗ ಕಾಣೋ ದರಕ್ಕಿಂತ ಎಷ್ಟು ಮ್ಯಾಲ ಅಂತ ಕೇಳ್ರಿ, ಚೌಕಾಶಿ ನಡೀತೈತಿ. ಡಾಲರಿಗೆ ಒಂದು, ಒಂದೂವರೆ ರೂಪಾಯಿ ಹೆಚ್ಚಿಗೆ ಅಂದ್ರ ತಗೋರಿ, ಮೂರ್ನಾಕು ರೂಪಾಯಿ ಅಂದ್ರ ಎದ್ದು ಬರ್ರಿ. ಗದಗ, ಹಾವೇರಿಯ ಎಲ್ಲಾ ಶಾಖೆಗಳಾಗ ಫಾರೆಕ್ಸ್ ಮಾಡೂದಿಲ್ಲ. ಫಾರೆಕ್ಸ್ ವ್ಯವಹಾರದ ಶಾಖೆ ಹುಬ್ಬಳ್ಳಿಯೊಳಗ ಯಾವುದು ಅಂತ ನಿಮ್ಮ ಬ್ಯಾಂಕಿನವರನ್ನ ಕೇಳಿ ಹೋಗ್ರಿ. ಬೆಂಗಳೂರು ವಿಮಾನ ನಿಲ್ದಾಣದಾಗ ತಗೊಂಡ್ರಾಯ್ತು ಅಂತ ಬಿಡಬ್ಯಾಡ್ರಿ, ಅಲ್ಲಿ ದರ ಜಗ್ಗತೈತಿ.

ಹುಬ್ಬಳ್ಳಿ, ವಿದ್ಯಾನಗರ

ಬ್ಯಾಡಗಿಯವರು ಹೇಳಿದ್ದು ಒಪ್ಪತೀನಿ. ಡಾಲರ್ ದಾರಿ ಒಟ್ಟು 2–3% ಒಳಗ ಮುಗೀತೈತಿ, ಮಾಮೂಲಿ ಡೆಬಿಟ್ 6%. ಆದ್ರ ನಾಕು ಮಂದಿಯ ಪೂರ್ತಿ ಖರ್ಚು ಒಂದೇ ಪಾಕೀಟಿನ್ಯಾಗ ಇಟ್ಟು ಪಟ್ಟಾಯದಾಗ ಅಡ್ಡಾಡೋದು ನನಗ ಸರಿ ಕಾಣೂದಿಲ್ಲ. ಕಳದ್ರ ನೋಟು ಹೋತು, ಕಾರ್ಡ್ ಆದ್ರ ಬ್ಲಾಕ್ ಮಾಡಬಹುದು. ಅರ್ಧ ಡಾಲರ್, ಅರ್ಧ ಕಾರ್ಡ್ ಮಾಡ್ರಿ, ಅದನ್ನೂ ಇಬ್ಬರ ಕಡೆ ಹಂಚಿ ಇಡ್ರಿ.

ಗದಗ, ಬೆಟಗೇರಿ

ಅಪ್ಪನ ರುಪೇ ಕಾರ್ಡ್ ನಂಬಿ ಹೋಗಬೇಡಿ. ದೇಶದೊಳಗಷ್ಟೇ ನಡೆಯುವ ರುಪೇ ಕಾರ್ಡ್ ಹೊರಗೆ ಪ್ಲಾಸ್ಟಿಕ್ ತುಂಡು. ಅಂತಾರಾಷ್ಟ್ರೀಯ ರುಪೇ ಕಾರ್ಡೇ ಬೇರೆ. ಅದು ಹೊರದೇಶದಲ್ಲಿ ಡಿಸ್ಕವರ್, ಡೈನರ್ಸ್ ಕ್ಲಬ್ ಜಾಲದ ಮೇಲೆ ನಡೆಯುತ್ತದೆ, ಆ ಗುರುತು ಇರುವ ಮಷೀನನ್ನೇ ಹುಡುಕಬೇಕು. ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ, ಹಳೆಯ ಕಾರ್ಡ್ ಇದ್ದವರು ಹೇಗೂ ಶಾಖೆಗೆ ಹೋಗಿ ವಿಚಾರಿಸುವುದು ಒಳ್ಳೆಯದು.

ನಿಮ್ಮ ವೀಸಾ ಕಾರ್ಡೂ ತಾನಾಗಿ ನಡೆಯುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರಿಂದ ಕೊಡುವ ಕಾರ್ಡುಗಳೆಲ್ಲ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ಬಳಕೆಯನ್ನು ನಾವೇ ತೆರೆಯಬೇಕು. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡ್ಸ್, ಅದರೊಳಗೆ ಡೆಬಿಟ್ ಕಾರ್ಡ್, ಅದರೊಳಗೆ ಇಂಟರ್‌ನ್ಯಾಷನಲ್ ಯೂಸೇಜ್. ಅಲ್ಲಿ ಎಟಿಎಂ, ಅಂಗಡಿ, ಆನ್‌ಲೈನ್, ಟ್ಯಾಪ್ ಎಂದು ಬೇರೆ ಬೇರೆ ಗುಂಡಿ ಇರುತ್ತವೆ. ಎಟಿಎಂ ಮತ್ತು ಅಂಗಡಿ ಸಾಕು, ಆನ್‌ಲೈನ್ ಮುಚ್ಚಿಡಿ. ಮುಖ್ಯ ಗುಂಡಿ ಆನ್ ಮಾಡಿ ಎಟಿಎಂ ಗುಂಡಿ ಬಿಟ್ಟಿರುವುದು, ಅಥವಾ ಮಿತಿ ಸೊನ್ನೆ ಇರುವುದು, ಅಲ್ಲಿ ಹೋಗಿ ಹಣ ಬಾರದಿರುವುದಕ್ಕೆ ಸಾಮಾನ್ಯ ಕಾರಣ.

ಊರಿನ ಸಿಮ್ ಫೋನಿನಲ್ಲೇ ಇರಲಿ, ರೋಮಿಂಗ್ ಚಾಲೂ ಮಾಡಿಸಿ. ಎಟಿಎಂಗೆ ಒಟಿಪಿ ಬೇಕಿಲ್ಲ, ಪಿನ್ ಸಾಕು. ಆದರೆ ಸಿಮ್ ತೆಗೆದರೆ ಕೆಲವು ಬ್ಯಾಂಕಿನ ಆ್ಯಪ್ ತೆರೆಯುವುದೇ ಇಲ್ಲ, ಆಗ ಕಾರ್ಡ್ ಬ್ಲಾಕ್ ಮಾಡಲೂ ಆಗದು. ಇಂಟರ್‌ನೆಟ್ಟಿಗೆ ಅಲ್ಲಿಯ ಇ-ಸಿಮ್ ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರು, ಗದಗ

ಭಾಳ ಉಪಕಾರ ಆತು. ಫಾರೆಕ್ಸ್ ಕಾರ್ಡ್ ಬಗ್ಗೆ ಯಾರೂ ಹೇಳಲಿಲ್ಲ? ಬ್ಯಾಂಕಿನವರು ಅದನ್ನ ತಗೋರಿ ಅಂತ ಬೆನ್ನಹತ್ಯಾರ. ಕ್ರೆಡಿಟ್ ಕಾರ್ಡಿನಿಂದ ತಗದ್ರ ಏನಾಗತೈತಿ?

ಧಾರವಾಡ

ಕ್ರೆಡಿಟ್ ಕಾರ್ಡಿನಿಂದ ನಗದು ಬೇಡವೇ ಬೇಡ. ನಗದು ಶುಲ್ಕ ಸಾಮಾನ್ಯವಾಗಿ 2.5%, ಕನಿಷ್ಠ 500 ರೂಪಾಯಿ, ಮೇಲೆ ಮಾರ್ಕಪ್, ಮೇಲೆ ತೆಗೆದ ದಿನದಿಂದಲೇ ಬಡ್ಡಿ, ತಿಂಗಳಿಗೆ 3.5% ಆಸುಪಾಸು. ಖರೀದಿಗೆ ಸಿಗುವ ನಲವತ್ತೈದು ದಿನದ ಬಡ್ಡಿರಹಿತ ಅವಧಿ ನಗದಿಗಿಲ್ಲ. ಅದೇ 15,000 ಬಾತ್ ತೆಗೆದು ಒಂದು ತಿಂಗಳು ಬಿಟ್ಟರೆ ಎಲ್ಲ ಸೇರಿ 4,800 ರೂಪಾಯಿ ದಾಟುತ್ತದೆ. ಝೀರೋ ಮಾರ್ಕಪ್ ಎಂದು ಜಾಹೀರಾತು ಮಾಡುವ ಕ್ರೆಡಿಟ್ ಕಾರ್ಡುಗಳದ್ದೂ ಇದೇ ಕಥೆ: ಆ ಸೊನ್ನೆ ಖರೀದಿಗೆ, ನಗದಿನ ಬಡ್ಡಿಗಲ್ಲ. ತೀರಾ ತುರ್ತಿಗೆ ತೆಗೆಯಲೇಬೇಕಾದರೆ ಅದೇ ದಿನ ಆ್ಯಪ್‌ನಿಂದ ಕಟ್ಟಿಬಿಡಿ, ಬಡ್ಡಿಯಾದರೂ ಉಳಿಯುತ್ತದೆ.

ಫಾರೆಕ್ಸ್ ಕಾರ್ಡಿಗೆ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಬಾತ್ ತುಂಬಲು ಬರುತ್ತದೆಯೇ? ಕೆಲವು ಬಹು-ಕರೆನ್ಸಿ ಕಾರ್ಡುಗಳಲ್ಲಿ ಬರುತ್ತದೆ. ಬರೀ ಡಾಲರ್ ತುಂಬಿಸಿಕೊಂಡು ಹೋಗಿ ಬಾತ್ ತೆಗೆದರೆ ಕ್ರಾಸ್ ಕರೆನ್ಸಿ ಶುಲ್ಕ ಎಂದು 2ರಿಂದ 3.5% ಹೋಗುತ್ತದೆ, ಡೆಬಿಟ್ ಕಾರ್ಡಿಗಿಂತ ಏನೂ ಉಳಿಯಲಿಲ್ಲ. ಬಾತ್ ಇದ್ದರೂ ಎಟಿಎಂನ 220 ತಪ್ಪದು, ಕಾರ್ಡ್ ಕೊಟ್ಟವರ ಶುಲ್ಕವೂ ಸಲಕ್ಕೆ ಸುಮಾರು 2 ಡಾಲರ್ ಇರುತ್ತದೆ. ಲಾಭವೆಂದರೆ ದರ ಮೊದಲೇ ನಿಗದಿ, ಕಾರ್ಡ್ ಕಳೆದರೆ ಉಳಿತಾಯ ಖಾತೆಗೆ ಧಕ್ಕೆಯಿಲ್ಲ, ಕೆಲವರು ಜೊತೆಗೆ ಇನ್ನೊಂದು ಬದಲಿ ಕಾರ್ಡ್ ಕೊಡುತ್ತಾರೆ. ಮಕ್ಕಳನ್ನು ಓದಲು ಕಳಿಸುವವರಿಗೆ ಇದು ಚೆನ್ನ. ವಾರದ ಪ್ರವಾಸಕ್ಕೆ ಅಷ್ಟೊಂದಲ್ಲ. ಉಳಿದ ಹಣ ವಾಪಸ್ ತಿರುಗಿಸುವಾಗ ಕಡಿಮೆ ದರ ಹಾಕುತ್ತಾರೆ, ಆದ್ದರಿಂದ ಅಂದಾಜಿಗಿಂತ ಒಂದಿಷ್ಟು ಕಡಿಮೆಯೇ ತುಂಬಿಸಿ. ಇನ್ನು ಯಾರಾದರೂ ನೇಪಾಳ, ಭೂತಾನಕ್ಕೆ ಹೊರಟಿದ್ದರೆ: ಅಲ್ಲಿ ಫಾರೆಕ್ಸ್ ಕಾರ್ಡ್ ನಡೆಯುವುದೇ ಇಲ್ಲ.

ರಾಣೆಬೆನ್ನೂರು

ಝೀರೋ ಮಾರ್ಕಪ್ ಡೆಬಿಟ್ ಖಾತೆಗೋಳು ಅದಾವು, ನಿಯೋ ಗ್ಲೋಬಲ್‌ನಂಥವು. ಮಾರ್ಕಪ್ ಹೋದ್ರ 15,000 ಬಾತಿಗೆ ಆ ಮಷೀನಿನ 550 ರೂಪಾಯಿ, ಮ್ಯಾಲ ಬ್ಯಾಂಕಿನ ಎಟಿಎಂ ಶುಲ್ಕ ಇದ್ರ ಅದೊಂದು. 2%ರ ಆಜೂಬಾಜು ಮುಗೀತೈತಿ, ಡಾಲರ್ ಒಯ್ಯೋ ಗೋಜೂ ಇಲ್ಲ. ವಿಡಿಯೋ ಕೆವೈಸಿ ಆಗಿ ಕಾರ್ಡ್ ಅಂಚೆಯಾಗ ಬರಾಕ ಟೈಮ್ ಹಿಡೀತೈತಿ, ಹೊಂಡೋ ವಾರದಾಗ ಸುರು ಮಾಡಬ್ಯಾಡ್ರಿ. ಶುಲ್ಕದ ಪಟ್ಟಿ ಆಗಾಗ ಬದಲಾಗತಾವು, ಖಾತೆ ತೆರಿಯೋ ದಿನ ಎಟಿಎಂ ಶುಲ್ಕದ ಸಾಲು ಓದ್ರಿ.

ಹುಬ್ಬಳ್ಳಿ, ಕೇಶ್ವಾಪುರ

ಕೆಡುವುದು ಎಲ್ಲಿ ಅಂತ ಸ್ವಲ್ಪ ಹೇಳುತ್ತೇನೆ.

ಬ್ಯಾಂಕ್ ಶಾಖೆಗೆ ಹೊಂದಿಕೊಂಡ ಎಟಿಎಂನಲ್ಲೇ, ಬ್ಯಾಂಕ್ ತೆರೆದಿರುವ ಹೊತ್ತಿನಲ್ಲೇ ತೆಗೆಯಿರಿ. ಮಷೀನು ಕಾರ್ಡ್ ನುಂಗಿದರೆ ಒಳಗೆ ಹೋಗಿ ಕೇಳಬಹುದು. ಬೀಚಿನ ಬದಿಯ ಒಂಟಿ ಮಷೀನು ನುಂಗಿದರೆ ಕೇಳುವವರಿಲ್ಲ. ಕೆಲವು ಮಷೀನುಗಳಲ್ಲಿ ಮೊದಲು ನೋಟು, ಆಮೇಲೆ ಕಾರ್ಡ್ ಬರುತ್ತದೆ. ನೋಟು ಎಣಿಸುತ್ತ ಹೊರಟರೆ ಕಾರ್ಡ್ ಅಲ್ಲೇ ಉಳಿಯಿತು. ಪಿನ್ ಮೂರು ಸಲ ತಪ್ಪಿದರೆ ಲಾಕ್.

ನೋಟು ಬರಲಿಲ್ಲ, ಖಾತೆಯಿಂದ ಹೋಯಿತು ಎಂದಾದರೆ ಮಷೀನಿನ ಸಂಖ್ಯೆ, ಸಮಯ, ಜಾಗ ಫೋಟೋ ತೆಗೆದುಕೊಳ್ಳಿ. ಇಲ್ಲಿ ಐದು ದಿನದಲ್ಲಿ ವಾಪಸ್, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಎನ್ನುವ ನಿಯಮವಿದೆಯಲ್ಲ, ಅದು ದೇಶದೊಳಗಿನ ವ್ಯವಹಾರಕ್ಕೆ ಮಾತ್ರ. ವಿದೇಶದ್ದು ಕಾರ್ಡ್ ಜಾಲದ ತಕರಾರು ದಾರಿಯಲ್ಲಿ ಹೋಗುತ್ತದೆ, ವಾರಗಟ್ಟಲೆ ಹಿಡಿಯುತ್ತದೆ. ಹೀಗಾಗಿ ಒಂದೇ ಖಾತೆಯ ಮೇಲೆ ಪ್ರವಾಸ ನಿಲ್ಲಬಾರದು. ಎರಡನೇ ಕಾರ್ಡ್ ಬೇರೆ ಬ್ಯಾಂಕಿನದಿರಲಿ, ಬೇರೆಯವರ ಚೀಲದಲ್ಲಿರಲಿ. ನೀವು ಮಾಡದ ವ್ಯವಹಾರ ಕಂಡರೆ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿ.

1800ರ ಉಚಿತ ನಂಬರ್ ಹೊರಗಿನಿಂದ ಹತ್ತುವುದು ಕಷ್ಟ. ವಿದೇಶದಿಂದ ಕರೆಯುವ +91 ನಂಬರನ್ನು ಬ್ಯಾಂಕಿನ ತಾಣದಿಂದ ಬರೆದುಕೊಂಡು ಕಾಗದದಲ್ಲಿ ಒಯ್ಯಿರಿ, ಫೋನೇ ಕಳೆದರೆ ಬೇಕಾಗುತ್ತದೆ.

ಬ್ಯಾಡಗಿ

ಸಿಂಗಾಪುರಕ್ಕ ಇಷ್ಟೆಲ್ಲಾ ತಲಿ ಕೆಡಿಸಿಕೋಬ್ಯಾಡ್ರಿ. ಮೆಟ್ರೋ, ಬಸ್ಸಿಗೆ ಟ್ಯಾಪ್ ಕಾರ್ಡ್ ನಡೀತೈತಿ, ಅದಕ್ಕ ಸಿಂಗಾಪುರಕ್ಕ ಇಳಿದ ಮ್ಯಾಲ ಆ್ಯಪ್‌ನ್ಯಾಗ ವಿದೇಶಿ ಟ್ಯಾಪ್ ಗುಂಡಿ ತೆರೀರಿ. ಅಂಗಡಿಗೋಳಿಗೂ ಕಾರ್ಡ್. ಹಾಕರ್ ಸೆಂಟರಿನ ಊಟಕ್ಕ, ಲಿಟ್ಲ್ ಇಂಡಿಯಾದ ಸಣ್ಣ ಅಂಗಡಿಗೆ ನೂರು ಸಿಂಗಾಪುರ ಡಾಲರ್ ನಗದು ಇದ್ರ ಸಾಕು. ಥಾಯ್ಲೆಂಡಿನ್ಯಾಗ ಉಳಿದ ಬಾತ್ ನೋಟನ್ನ ಸಿಂಗಾಪುರದಾಗ ಬದಲಿ ಮಾಡ್ರಿ, ಚಿಲ್ಲರ ನಾಣ್ಯ ಮಾತ್ರ ಬ್ಯಾಂಕಾಕಿನ್ಯಾಗ ಖರ್ಚು ಮಾಡಿ ಬರ್ರಿ, ನಾಣ್ಯ ಯಾರೂ ತಗೋಳೂದಿಲ್ಲ.