ಹೊಸ ಡಿಸ್ಕು ಪ್ಯಾಡು ಹಾಕ್ಸಿದ್ಮ್ಯಾಲೆ ಬ್ರೇಕ್ ಹಿಡೀವಲ್ದು, ಸಹಾಯ ಬೇಕು

ಅಣ್ಣೋರೆ, ಬಳ್ಳಾರಿ ಕಡೆ ಯಾರರ ಬ್ರೇಕ್ ಕೆಲ್ಸ ಗೊತ್ತಿದ್ದೋರು ಇದ್ರ ಸ್ವಲ್ಪ ಹೇಳ್ರಿ. ನನ್ನ ಹಳೆ ಡೀಸೆಲ್ ಕಾರಿಗೆ ಮುಂದಿನ ಎರಡೂ ಡಿಸ್ಕು, ಪ್ಯಾಡು ಹೊಸಾವು ಹಾಕ್ಸೀನಿ, ಹಳೇವೇ ಇದಕ್ಕಿಂತ ಚಲೋ ಹಿಡೀತಿದ್ವು ಅನ್ನಂಗಾಗೈತಿ. ಪೆಡಲ್ ಗಟ್ಟಿನೇ ಐತಿ, ಮೆತ್ತಗ ಕೆಳಗ ಹೋಗಂಗಿಲ್ಲ, ಅದಕ್ಕ ಬ್ರೇಕ್ ಆಯಿಲ್ ಲೈನ್‌ನ್ಯಾಗ ಗಾಳಿ ಇರ್ಲಿಕ್ಕಿಲ್ಲ ಅನ್ಸತೈತಿ, ಆದ್ರ ಎಷ್ಟು ಒತ್ತಿದ್ರೂ ಗಾಡಿ ಮುಂದ ಜಾರ್ಕೊಂಡು ಹೋಗೇ ನಿಂದರ್ತೈತಿ. ಇಂಜಿನ್ ಬಂದ್ ಮಾಡಿ ಪೆಡಲ್ ನಾಕೈದು ಸಲ ಒತ್ತಿ, ಹಂಗೇ ಹಿಡ್ಕೊಂಡು ಸ್ಟಾರ್ಟ್ ಮಾಡಿದ್ರ ಸ್ವಲ್ಪ ಕೆಳಗ ಇಳೀತೈತಿ, ಅಂದ್ರ ಬೂಸ್ಟರ್ (ಕಾಲಿನ ಒತ್ತು ಹೆಚ್ಚು ಮಾಡೋ ಭಾಗ) ಸರಿ ಇರಬೇಕು. ಲೀಕೂ ಎಲ್ಲೂ ಇಲ್ಲ.

ಮೆಕ್ಯಾನಿಕ್ "ಓಡಿಸ್ರಿ, ಸೆಟ್ ಆಗ್ತೈತಿ" ಅಂತಾನ. ಹೊಸ ಪ್ಯಾಡ್ ಕೂಡಾಕ ಟೈಮ್ ಬೇಕು ಖರೆ, ಆದ್ರ ಇಷ್ಟು ವೀಕಾ? ಹೊಸ ಡಿಸ್ಕಿಗೆ ತುಕ್ಕು ಹಿಡೀಬಾರ್ದಂತ ಎಣ್ಣಿ ಹಚ್ಚಿರ್ತಾರಲ್ಲ, ಅದನ್ನ ಬ್ರೇಕ್ ಕ್ಲೀನರ್ ಹಾಕಿ ಒರೆಸಿದ್ಯೇನಪ ಅಂತ ಕೇಳಿದ್ರ ಸುಮ್ನ ನಗ್ತಾನ, ಅಲ್ಲೇ ಡೌಟು ನಂಗ. ಪ್ಯಾಡ್ ಎಣ್ಣಿ ಕುಡಿದಿದ್ರ ಉಜ್ಜಿದ್ರ ಹೋಗ್ತೈತೋ, ಬದ್ಲೇ ಮಾಡ್ಬೇಕೋ? ಇನ್ನೊಂದು, ಎಡಗಡೆ ಡಿಸ್ಕಿನ ಹೊರಮೈ ಪ್ಯಾಡ್ ತಾಗಿದಂಗ ಹೊಳೆಯಂಗಿಲ್ಲ, ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಜಾರೋ ಪಿನ್ ಜಾಮ್ ಆಗಿರಬಹುದಾ? ಸಂಡೂರಿನ ಇಳಿಜಾರಿನ್ಯಾಗ ಅದಿರು ಲಾರಿ ಹಿಂದ ಹೋಗೋದೈತಿ, ಈ ಬ್ರೇಕ್ ನಂಬ್ಕೊಂಡು ಧೈರ್ಯ ಬರವಲ್ದು, ಗಾಡಿ ಮನಿ ಮುಂದ ನಿಲ್ಲಿಸೀನಿ. ಮೊದ್ಲು ಏನು ಬಿಚ್ಚಿಸಿ ನೋಡ್ಲಿ ಹೇಳ್ರಿ.